ಆ ಊಟ ಯಾರ ಲೆಕ್ಕಕ್ಕೆ?

ಬಡವರ ಮನೆಯನ್ನು ಕಣ್ಣಾರೆ ನೋಡಿದರೆ ಸಾಲದೇ, ಮನೆಖರ್ಚಿನ ಸಮೀಕ್ಷೆಗೆ ಅಷ್ಟುದ್ದದ ಪ್ರಶ್ನಾವಳಿ ಏಕೆ, ಅದೂ ಅರ್ಧ ಕೇರಳವೇ ಆಗಿರುವ ನಿಮ್ಮ ಎಚ್.ಡಿ. ಕೋಟೆಯಲ್ಲಿ ಎಂದು ಬೆಂಗಳೂರಿನಿಂದ ನೀನು ಕೇಳಿದೆ. ಕೊನೆಯ ಮಾತು ನನಗೆ ನೋವು ತಂದಿತು.

ಪ್ರಶ್ನಾವಳಿಯ ವಿಷಯ ಬೇಗ ಮುಗಿಯುತ್ತದೆ. ಕೂಲಿಯವರ ಆದಾಯ ವಾರಕ್ಕೊಂದು ಬಗೆಯಾದ್ದರಿಂದ ನಮ್ಮ ದೇಶದಲ್ಲಿ ಬಡತನವನ್ನು ಬಳಕೆಯ ವೆಚ್ಚದಿಂದ ಅಳೆಯುತ್ತಾ ಬಂದಿದ್ದೇವೆ. ತರಕಾರಿ, ಮೊಟ್ಟೆ, ಮೀನಿಗೆ ಹಿಂದಿನ 7 ದಿನ, ಅಕ್ಕಿ ರಾಗಿಗೆ 30 ದಿನ, ಬಟ್ಟೆಬರೆಗೆ 365 ದಿನಗಳ ಲೆಕ್ಕ ಕೇಳಿ, ಎಲ್ಲವನ್ನೂ ತಿಂಗಳ ಲೆಕ್ಕಕ್ಕೆ ತಂದು, ಒಟ್ಟು ಮೊತ್ತವನ್ನು ಮನೆಮಂದಿಯ ಸಂಖ್ಯೆಯಿಂದ ಭಾಗಿಸುತ್ತೇವೆ. 2023-24ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ತಲಾ ಮಾಸಿಕ ವೆಚ್ಚ 4,122 ರೂಪಾಯಿ ಎಂದು ಬಂದದ್ದು ಹೀಗೆ.

ನನ್ನನ್ನು ವರ್ಷಗಳಿಂದ ಕಾಡುತ್ತಿರುವುದು ಆ ಭಾಗಾಕಾರ. ಕಾಫಿ, ಮೆಣಸಿನ ಕೊಯ್ಲು ಬಂತೆಂದರೆ ನಮ್ಮ ಆದಿವಾಸಿ ಹಾಡಿಗಳಿಂದಲೂ ಊರುಗಳಿಂದಲೂ ಜನ ಜೀಪು ಹತ್ತಿ ಗಡಿಯಾಚೆ ಕೇರಳದ ವಯನಾಡಿಗೆ ಹೋಗುತ್ತಾರೆ. ಅಲ್ಲಿಗೆ ಹೋಗುವ ಬಾವಲಿ ರಸ್ತೆ ನಾಗರಹೊಳೆಯ ಕಾಡನ್ನು ಹಾದುಹೋಗುವುದರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಬಿಡುವುದಿಲ್ಲ. ಹಾಗಾಗಿ ಹೋದವರಲ್ಲಿ ಅನೇಕರು ತೋಟದಲ್ಲೇ ಉಳಿಯುತ್ತಾರೆ. ಆರು ತಿಂಗಳಿಗಿಂತ ಕಡಿಮೆ ಕಾಲ ಹೊರಗಿರುವವರು ಮನೆಯ ಸದಸ್ಯರೇ ಎಂಬುದು ಸಮೀಕ್ಷೆಯ ನಿಯಮ. ಹಾಗಾಗಿ ಐವರ ಮನೆಯಲ್ಲಿ ಇಬ್ಬರು ತೋಟದಲ್ಲಿದ್ದರೆ, ಮೂವರು ಉಂಡ ರಾಗಿಯನ್ನು ನಾನು ಐದರಿಂದ ಭಾಗಿಸಬೇಕಾಗುತ್ತದೆ. ಆ ಇಬ್ಬರು ತಾವೇ ಕೊಂಡು ತಿಂದದ್ದೂ ಇದೇ ಮನೆಯ ಲೆಕ್ಕಕ್ಕೆ ಸೇರಬೇಕು, ಆದರೆ ಜಗುಲಿಯಲ್ಲಿ ಕೂತು ಉತ್ತರ ಹೇಳುವ ಅಜ್ಜಿಗೆ ಅದು ತಿಳಿದಿರುವುದಿಲ್ಲ. ಮಾಲೀಕರ ಮನೆಯಲ್ಲಿ ಬೇಯಿಸಿ ಬಡಿಸಿದ ಊಟವನ್ನಂತೂ, ಎರಡು ಕಡೆ ಎಣಿಕೆಯಾಗಬಾರದೆಂದು, ಬಡಿಸಿದ ಮನೆಯ ಬಳಕೆಯೆಂದೇ ಬರೆಯುವುದು ಬಹುಕಾಲದ ಪದ್ಧತಿ. ದೇಶದ ಸರಾಸರಿ ಇದರಿಂದ ಕೆಡುವುದಿಲ್ಲ, ನಿಜ. ಆದರೆ ದುಡಿದವನು ಉಂಡ ಅನ್ನ ಕಾಗದದ ಮೇಲೆ ಉಳ್ಳವರ ಮನೆಗೆ, ನಮ್ಮಲ್ಲಿ ಪಕ್ಕದ ರಾಜ್ಯಕ್ಕೇ, ಸೇರಿಬಿಡುತ್ತದೆ.

“ಅವ್ನು ಅಲ್ಲುಂಡ್ರೆ ಇಲ್ಲಿ ನಮ್ಮ ಹಿಟ್ಟು ಉಳೀತು, ಅದ್ನ ಎಲ್ಲಿ ಬರ್ಕತೀರಿ ಸ್ವಾಮಿ?” ಎಂದು ಒಬ್ಬ ತಾಯಿ ಕೇಳಿದ್ದರು. ನನ್ನ ಬಳಿಯಿದ್ದ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇನ್ನು ಅರ್ಧ ಕೇರಳದ ಮಾತು. ಶುಂಠಿ ಬೆಳೆಯಲು ನಮ್ಮ ಹೊಲಗಳನ್ನು ಗುತ್ತಿಗೆಗೆ ಹಿಡಿದು ಕೇರಳದವರು ಇಲ್ಲಿಗೆ ಬರುತ್ತಾರೆ, ಕೊಯ್ಲಿಗೆ ನಮ್ಮವರು ಅಲ್ಲಿಗೆ ಹೋಗುತ್ತಾರೆ. ಅಷ್ಟಕ್ಕೆ ಯಾರ ಊರೂ ಅರ್ಧವಾಗುವುದಿಲ್ಲ. ಕಬಿನಿ ಹುಟ್ಟುವುದೂ ವಯನಾಡಿನಲ್ಲೇ. ಅದು ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ನಂಜನಗೂಡು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ಆಮೇಲೆ ನಿನ್ನ ಬೆಂಗಳೂರಿನ ನಲ್ಲಿಗೂ ಬರುತ್ತದೆ. ಆ ನೀರನ್ನು ನೀನು ಅರ್ಧ ಕೇರಳದ್ದೆಂದು ಎಂದೂ ಕರೆದಿಲ್ಲ.

ಕಣ್ಣಾರೆ ನೋಡಿದರೆ ಖಾಲಿ ಮನೆ ಮಾತ್ರ ಕಾಣುತ್ತದೆ. ಆದ್ದರಿಂದಲೇ ತೋಟಕ್ಕೆ ಹೋದವರು ಹಿಂದಿರುಗಿರುವ ದಿನ ನೋಡಿಕೊಂಡು ನಾನು ಅದೇ ಮನೆಗೆ ಇನ್ನೊಮ್ಮೆ ಹೋಗುತ್ತೇನೆ. ತೋಟದಲ್ಲಿ ಎಷ್ಟು ಹೊತ್ತಿನ ಊಟ ಉಂಡಿರಿ, ಬಡಿಸಿದವರು ಯಾರು ಎಂದು ಕೇಳಿ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ.