ಕೆರೆಗೆ ಬೇಲಿ ಹಾಕಿದರೆ ಸಾಲದಾ? ಸುತ್ತ ಜೌಗು ಜಾಗ ಯಾಕೆ ಬಿಡಬೇಕು?

ಬೇಲಿ ಸಾಲದು. ಕೆರೆಯ ಜೀವ ಜಾಸ್ತಿ ಇರುವುದೇ ಅಂಚಿನಲ್ಲಿ. ಬೆಂಗಳೂರಿನ ಜಕ್ಕೂರು ಕೆರೆಯನ್ನೇ ನೋಡಿ. ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹರಿದು, ಆಮೇಲೆ ಕೆರೆ ಸೇರುತ್ತದೆ. ನೀರಿನಲ್ಲಿ ಉಳಿದ ನೈಟ್ರೇಟ್, ಫಾಸ್ಫೇಟನ್ನು ಗಿಡಗಳು ಒಂದಷ್ಟು ಹೀರಿಕೊಳ್ಳುತ್ತವೆ. ಅಂಥ ಜೊಂಡಿನ ಬುಡದಲ್ಲೇ ಜಂಬುಕೋಳಿ ಗೂಡು ಕಟ್ಟುವುದು, ಮರಿಗಳನ್ನು ಹಿಂದೆ ಕರೆದುಕೊಂಡು ಓಡಾಡುವುದು. ದಡಕ್ಕೆಲ್ಲ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡಿಬಿಟ್ಟರೆ ಆ ಹಕ್ಕಿ ಎಲ್ಲಿಗೆ ಹೋಗಬೇಕು? ಸುಮ್ನೆ ಖಾಲಿ ಬಿದ್ದ ಜಾಗ ಅಲ್ಲ ಆ ಜೌಗು.

ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಏನೂ ಕಟ್ಟದೆ ಬಿಡಿ ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಗರದ ಮಾಸ್ಟರ್ ಪ್ಲಾನಿನಲ್ಲಿದ್ದ 30 ಮೀಟರ್ ಆಗ ಉಳಿಯಿತು. ನನಗಂತೂ ಅದು ತೀರಾ ಕಡಿಮೆ. ನಿಮ್ಮೂರಿನ ಕೆರೆ, ಅದಕ್ಕೆ ಮಳೆನೀರು ತರುವ ರಾಜಕಾಲುವೆಯ ಗಡಿಯನ್ನು ಗ್ರಾಮ ನಕ್ಷೆಯಲ್ಲಿ ಈಗಲೇ ನೋಡಿಕೊಳ್ಳಿ. ಲೇಔಟ್ ಎದ್ದ ಮೇಲೆ ಬಿಡಿಸುವುದು ಬಹಳ ಕಷ್ಟ.