ಕೆಡವುವ ಮೊದಲು ಮೆಟ್ಟಿಲು ಎಣಿಸಿ

ಓದುಗರ ಪತ್ರದ ಸಾರ: "ನಮ್ಮ ತಾಲ್ಲೂಕು ಕೇಂದ್ರದ ಸಭಾಭವನವನ್ನು ಊರವರೇ ಚಂದಾ ಎತ್ತಿ 1936ರಲ್ಲಿ ಕಟ್ಟಿಸಿದ್ದು. ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ನಡುವಿನ ಹಾಲಿಗೆ ಮಂಗಳೂರು ಹೆಂಚು. ಮುಂದಿನ ಪಡಸಾಲೆಗೂ ಪಕ್ಕದ ಎರಡು ಕೋಣೆಗಳಿಗೂ ಮದ್ರಾಸ್ ತಾರಸಿ. ಈಗ ಎಲ್ಲ ಕಡೆ ತೇವ, ಸೋರಿಕೆ, ಬಿರುಕು. ಎಂಜಿನಿಯರೊಬ್ಬರು ಪಿಸ್ತೂಲಿನಂಥ ಉಪಕರಣವನ್ನು ಗೋಡೆಗೆ ಒತ್ತಿ ನೋಡಿ 'ಇದರ ಆಯಸ್ಸು ಮುಗಿದಿದೆ' ಎಂದರು. ಗುತ್ತಿಗೆದಾರರೊಬ್ಬರು ಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿ, ತಾರಸಿಯ ಮೇಲೆ ಆರ್‌ಸಿಸಿ ಹಾಕಿಕೊಡುತ್ತೇನೆ ಎನ್ನುತ್ತಾರೆ. ಸಮಿತಿಯ ಅರ್ಧ ಜನಕ್ಕೆ ಕೆಡವಿ ಮಳಿಗೆ ಕಟ್ಟುವ ಆಸೆ. ಯಾರ ಮಾತು ಕೇಳೋಣ? ಹನ್ನೊಂದು ಫೋಟೋ ಕಳಿಸಿದ್ದೇನೆ. ಊರಿನ ಹೆಸರು ಹಾಕಬೇಡಿ." – ನಿವೃತ್ತ ಶಿಕ್ಷಕರು, ಸಭಾಭವನ ಸಮಿತಿಯ ಕಾರ್ಯದರ್ಶಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮೆ ಇರಲಿ. ಫೋಟೋಗಳನ್ನು ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಸ್ನೇಹಿತರೊಬ್ಬರಿಗೆ ತೋರಿಸಿದೆ. ಅವರು ಸೋರುವ ಮಾಡನ್ನೂ ನೋಡಲಿಲ್ಲ, ಬಿರುಕನ್ನೂ ನೋಡಲಿಲ್ಲ. ನೀವು ಕಳಿಸಿದ ಆ ಹಳೆಯ ಕಪ್ಪು-ಬಿಳುಪು ಚಿತ್ರ ಇದೆಯಲ್ಲ, ನಾಟಕದ ತಂಡದವರು ಬಣ್ಣ ಹಚ್ಚಿಕೊಂಡೇ ಮೆಟ್ಟಿಲ ಮೇಲೆ ಕೂತದ್ದು, ಅದನ್ನು ಎತ್ತಿಕೊಂಡು ಬೆರಳಿಟ್ಟು ಎಣಿಸತೊಡಗಿದರು. ಐದು ಮೆಟ್ಟಿಲು. ಆಮೇಲೆ ಹೋದ ತಿಂಗಳು ನೀವೇ ತೆಗೆದ ಫೋಟೋ ಪಕ್ಕದಲ್ಲಿಟ್ಟರು. ಮೂರು ಮೆಟ್ಟಿಲು. "ಇನ್ನೆರಡು ಎಲ್ಲಿ ಹೋದವು ಅಂತ ಮೇಷ್ಟ್ರನ್ನ ಕೇಳಿ" ಎಂದರು.

ಎಲ್ಲಿಗೂ ಹೋಗಿಲ್ಲ, ನೆಲದೊಳಗಿವೆ. ಮುಂದಿನ ರಸ್ತೆಗೆ ಪ್ರತಿ ಸಲ ಡಾಂಬರು ಹಾಕುವಾಗಲೂ ಹಳೆಯ ಪದರ ಕೀಳದೆ ಮೇಲೆ ಹೊಸದು ಎಳೆದರು. ಅಂಗಳಕ್ಕೆ ಮಣ್ಣು ತುಂಬಿ ಕಾಂಕ್ರೀಟು ಹಾಕಿದರು. ಮೆಟ್ಟಿಲಿಗೆ ಆರಿಂಚು ಎಂದು ಹಿಡಿದರೂ ಸುತ್ತಲ ನೆಲ ಒಂದಡಿ ಎದ್ದಿದೆ. ಬಲಗಡೆಯ ಶಿಲಾಫಲಕದ ಕೊನೆಯ ಸಾಲುಗಳೂ ಕಾಂಕ್ರೀಟಿನೊಳಗೆ ಸೇರಿರುವುದು ಫೋಟೋದಲ್ಲೇ ಕಾಣುತ್ತದೆ. ಕಟ್ಟಿದವರು ತಳಪಾಯವನ್ನು ನೆಲದಿಂದ ಎತ್ತರಕ್ಕೆ ತಂದದ್ದು ಮಳೆನೀರು ಗೋಡೆಗೆ ತಾಗಬಾರದೆಂದು. ಈಗ ರಸ್ತೆಯ ನೀರು ನೇರವಾಗಿ ಗೋಡೆಯ ಬುಡಕ್ಕೆ ಹರಿದು ಬರುತ್ತದೆ. ನಿಮ್ಮ ಸಭಾಭವನಕ್ಕೆ ವಯಸ್ಸಾಗಿರುವುದು ನಿಜ, ಆದರೆ ಅದರ ಕಾಯಿಲೆ ವಯಸ್ಸಿನದಲ್ಲ, ನೀರಿನದು.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ನಿಮ್ಮಲ್ಲಿಗೆ ಬಂದವರೆಲ್ಲರೂ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಹೇಳಿದ್ದಾರೆ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಒಬ್ಬರೂ ಹೇಳಿಲ್ಲ. ಕಾಯಿಲೆ ಗೊತ್ತಾಗದೆ ಔಷಧಿಯ ಚೀಟಿ ಬರೆದ ಹಾಗಾಯಿತು ಇದು. ನನ್ನ ಮಟ್ಟಿಗೆ ಆ ಎರಡೂ ಎಸ್ಟಿಮೇಟುಗಳನ್ನು ಸದ್ಯಕ್ಕೆ ಬೀರುವಿನಲ್ಲಿಡಿ.

ಎಂಜಿನಿಯರ್ ಗೋಡೆಗೆ ಒತ್ತಿದ ಉಪಕರಣದ ಮಾತು. ಅದು ರಿಬೌಂಡ್ ಹ್ಯಾಮರ್. ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಎಂದು ಅಳೆಯಲು ಮಾಡಿದ್ದು. ಅದರ ಅಂಕೆಗಳೆಲ್ಲ ಕಾಂಕ್ರೀಟಿನ ಲೆಕ್ಕದವು. ಮೆತ್ತನೆಯ ಇಟ್ಟಿಗೆ, ಸುಣ್ಣದ ಗಾರೆಯ ಗೋಡೆಗೆ ಅದನ್ನು ಒತ್ತಿದರೆ ಕಡಿಮೆ ಅಂಕೆ ಬರದೆ ಇನ್ನೇನು ಬರುತ್ತದೆ? ಸುಣ್ಣದ ಗಾರೆ ಮೆತ್ತಗಿರುವುದು ದೋಷವೇ ಅಲ್ಲ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಅದು ತಾಳಿಕೊಳ್ಳುತ್ತದೆ, ತೇವ ಹೀರಿದರೆ ಗಾಳಿಗೆ ಬಿಟ್ಟುಕೊಡುತ್ತದೆ. ಕನ್ನಂಬಾಡಿ ಕಟ್ಟೆ ಸುರ್ಕಿ ಗಾರೆಯಲ್ಲೇ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆಯಲ್ಲೇ, ನಿಂತಿದೆ ಎಂಬುದನ್ನು ಸಮಿತಿಯ ಸಭೆಯಲ್ಲಿ ಒಮ್ಮೆ ನೆನಪಿಸಿ.

ಇನ್ನು ಸಿಮೆಂಟ್ ಪ್ಲಾಸ್ಟರು. ನಿಮ್ಮ ನಾಲ್ಕನೆಯ ಫೋಟೋದಲ್ಲಿ ಒಳಗೋಡೆಗೆ ನೆಲದಿಂದ ನಾಲ್ಕಡಿವರೆಗೆ ಸಿಮೆಂಟು ಬಳಿದಿದ್ದಾರೆ. ಹತ್ತು ವರ್ಷದ ಹಿಂದೆ ತೇವ ತಡೆಯಲು ಮಾಡಿಸಿದ್ದು ಎಂದು ಬರೆದಿದ್ದೀರಿ. ಅದರ ಮೇಲಂಚು ನೋಡಿ. ಸಿಮೆಂಟು ಮುಗಿದ ಗೆರೆಯಿಂದ ಒಂದು ಗೇಣು ಮೇಲಕ್ಕೆ ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಉಬ್ಬಿದೆ, ಬಣ್ಣ ಸಿಪ್ಪೆಯೆದ್ದಿದೆ. ನೆಲದಿಂದ ಏರುವ ತೇವಕ್ಕೆ ಮೊದಲು ಗೋಡೆಯ ಬುಡದಲ್ಲೇ ಆರಿಹೋಗುವ ದಾರಿಯಿತ್ತು. ಸಿಮೆಂಟು ಆ ದಾರಿಯನ್ನು ಮುಚ್ಚಿತು, ತೇವ ಸಿಮೆಂಟಿನ ಹಿಂದೆಯೇ ಹತ್ತಿ ಐದಡಿಯಲ್ಲಿ ಹೊರಬಂತು. ಗೋಡೆಗೆಲ್ಲ ಸಿಮೆಂಟು ಮಾಡಿದರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ನಮ್ಮೂರ ವಾಚನಾಲಯಕ್ಕೂ ಹೀಗೇ ಮಾಡಿಸಿದ್ದರು. ನಾಲ್ಕನೆಯ ಮಳೆಗಾಲಕ್ಕೆ ಪ್ಲಾಸ್ಟರು ಹಪ್ಪಳದಂತೆ ಕಳಚಿ ಬಿತ್ತು, ಜೊತೆಗೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ಉದ್ಘಾಟನೆಗೆ ನಾನೂ ಹೋಗಿ ಚಪ್ಪಾಳೆ ತಟ್ಟಿದ್ದೆ.

ಈಗ ನನ್ನ ಸ್ನೇಹಿತರು ಗಾಬರಿಯಾದ ಫೋಟೋಗೆ ಬರೋಣ. ಏಳನೆಯದಲ್ಲ ಮೇಷ್ಟ್ರೇ, ನೀವು ಬಿರುಕಿಗೆ ಕೆಂಪು ವೃತ್ತ ಹಾಕಿ ಕಳಿಸಿದ್ದು ಏಳನೆಯದು. ಅವರು ಗಾಬರಿಯಾದದ್ದು ಒಂಬತ್ತನೆಯದಕ್ಕೆ, ರಂಗದ ಮೇಲಿನ ಮಾಡಿನ ಚಿತ್ರಕ್ಕೆ. ಅಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಹೋದ ತೊಲೆಯನ್ನು ಯಾರೋ ಪರದೆ ಏರಿಸುವ ರಾಟೆಗಾಗಿ ಅರ್ಧಕ್ಕಿಂತ ಹೆಚ್ಚು ಕೊಯ್ದು, ಒಂದು ಕಬ್ಬಿಣದ ಪಟ್ಟಿ ಬಡಿದಿದ್ದಾರೆ. ಆ ತೊಲೆ ಅಲಂಕಾರಕ್ಕಿಲ್ಲ. ಹೆಂಚಿನ ಭಾರಕ್ಕೆ ಮಾಡಿನ ಎರಡು ಇಳಿಜಾರು ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿರುತ್ತವೆ; ಹಾಗೆ ತಳ್ಳದಂತೆ ಎರಡನ್ನೂ ಹಿಡಿದೆಳೆದು ನಿಲ್ಲಿಸಿರುವುದು ಈ ತೊಲೆ. ಅದು ಸೋತರೆ ಗೋಡೆಯ ತಲೆ ಹೊರವಾಲುತ್ತದೆ. ಇವತ್ತೇ ಒಂದು ತೂಕದ ದಾರ ಕಟ್ಟಿ ಆ ಭಾಗದ ಗೋಡೆ ವಾಲಿದೆಯೇ ನೋಡಿ. ವಾಲಿರಲಿ ಬಿಡಲಿ, ರಂಗದ ಭಾಗಕ್ಕೆ ಊರುಗಂಬ ಕೊಡಿಸಿ. ತಿಳಿದವರು ಬಂದು ನೋಡುವವರೆಗೆ ಅಲ್ಲಿ ಯಾರನ್ನೂ ಕೂರಿಸಬೇಡಿ. ಮುಂದಿನ ತಿಂಗಳ ಶಾಲಾ ವಾರ್ಷಿಕೋತ್ಸವವನ್ನು ಶಾಮಿಯಾನದಲ್ಲಿ ಮಾಡಿ. ಹಳೆಯ ಕಟ್ಟಡವನ್ನು ಪ್ರೀತಿಸುವ ನಮ್ಮಂಥವರು ಈ ಒಂದು ವಿಷಯದಲ್ಲಿ ಮೆತ್ತಗಾಗುತ್ತೇವೆ, ಆಗಬಾರದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಕೆಳಗೆ ಪುಸ್ತಕದಂಗಡಿಗಳು ವ್ಯಾಪಾರ ಮಾಡುತ್ತಿದ್ದವು. 2012ರ ಆಗಸ್ಟಿನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ ಅದೇ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. ಆಮೇಲೆ ಒಂದು ತಜ್ಞರ ತಂಡ ಉಳಿಸಬಹುದು ಎಂದಿತು, ಇನ್ನೊಂದು ಕೆಡವಬೇಕು ಎಂದಿತು, ವರ್ಷಗಟ್ಟಲೆ ಕೋರ್ಟು ಕಚೇರಿ. ಎರಡೂ ಬಿದ್ದದ್ದು ಮಳೆಗಾಲದಲ್ಲಿ ಎಂಬುದನ್ನು ಗಮನಿಸಿ.

ತಾರಸಿಯ ಮೇಲೆ ಆರ್‌ಸಿಸಿ ಹಾಕುವ ಸಲಹೆಗೆ ನನ್ನದು ಒಂದೇ ಮಾತು: ಬೇಡ. ಮದ್ರಾಸ್ ತಾರಸಿ ಎಂದರೆ ಮರದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕಚ್ಚಿಸಿದ ಪದರ, ಮೇಲೆ ಇಟ್ಟಿಗೆ ಜಲ್ಲಿ ಸುಣ್ಣ ಸೇರಿಸಿ ಕುಟ್ಟಿದ ಪದರ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕೂತು ದಿನಗಟ್ಟಲೆ ಮರದ ಪಟ್ಟಿಯಲ್ಲಿ ಬಡಿಯುತ್ತಿದ್ದ ಕೆಲಸ ಅದು. ಅಷ್ಟರ ಮೇಲೆ ನಾಲ್ಕಿಂಚು ಕಾಂಕ್ರೀಟು ಎಂದರೆ ಚದರ ಮೀಟರಿಗೆ 250 ಕಿಲೋ. ನಿಮ್ಮ ಕೋಣೆ 12 ಅಡಿಗೆ 20 ಅಡಿ ಎಂದು ಬರೆದಿದ್ದೀರಿ. ಲೆಕ್ಕ ಹಾಕಿದರೆ ಐದೂವರೆ ಟನ್. ಸೋರಿ ಸೋರಿ ಗೋಡೆಯೊಳಗಿನ ತುದಿ ಕೊಳೆತಿರಬಹುದಾದ ತೊಲೆಗಳ ಮೇಲೆ ಒಂದು ಆನೆಯನ್ನು ತಂದು ನಿಲ್ಲಿಸಿದ ಹಾಗೆ. ತೊಲೆಯ ನಡುಭಾಗ ಎಷ್ಟೇ ಚೆನ್ನಾಗಿ ಕಂಡರೂ ನಂಬಬೇಡಿ. ಗೋಡೆಯೊಳಗೆ ಹೋಗುವ ತುದಿಗೆ ಸಣ್ಣ ಸ್ಕ್ರೂಡ್ರೈವರ್ ಚುಚ್ಚಿ ನೋಡಿಸಿ. ತೇಗ ಗಟ್ಟಿಯಿದ್ದರೆ ಮೊನೆ ಜಾರುತ್ತದೆ. ಕೊಳೆತಿದ್ದರೆ, ಇಲ್ಲವೇ ಗೆದ್ದಲು ತಿಂದಿದ್ದರೆ ಬೆಲ್ಲಕ್ಕೆ ಚುಚ್ಚಿದಂತೆ ಇಳಿಯುತ್ತದೆ. ತುದಿ ಮಾತ್ರ ಹಾಳಾಗಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಬೆಸೆಯುವ ಬಡಗಿಗಳು ಈಗಲೂ ಇದ್ದಾರೆ. ಹೆಂಚಿನ ಮಾಡಂತೂ ಇನ್ನೂ ಸುಲಭ: ಒಡೆದ ಹೆಂಚು, ಲಡ್ಡಾದ ರೀಪು ಬದಲಿಸಿದರೆ ಮುಗಿಯಿತು.

ನೀವು ವೃತ್ತ ಹಾಕಿದ ಬಿರುಕು ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರಿದೆ. ಕೆಳಗೆ ಕೂದಲೆಳೆ, ಮೇಲೆ ಬೆರಳು ತೂರುವಷ್ಟು. ಮೇಲೆ ಅಗಲವಾದ ಇಂಥ ಬಿರುಕು ಸಾಮಾನ್ಯವಾಗಿ ಹೇಳುವುದು ಕಟ್ಟಡದ ಆ ಮೂಲೆ ಕುಸಿಯುತ್ತಿದೆ ಎಂದು. ಹಾಗಾದರೆ ಆ ಮೂಲೆಯಲ್ಲಿ ಏನಿದೆ? ಹತ್ತನೆಯ ಫೋಟೋದಲ್ಲಿ ಉತ್ತರ ಇದೆ. ಮಾಡಿನ ದೋಣಿಯಿಂದ ನೀರಿಳಿಯುವ ಪೈಪು ಆಳೆತ್ತರದಲ್ಲಿ ಮುರಿದಿದೆ, ಅಲ್ಲಿಂದ ಕೆಳಗೆ ಗೋಡೆ ಹಸಿರು ಪಾಚಿ. ಅರ್ಧ ಮಾಡಿನ ಮಳೆನೀರು ಎಷ್ಟೋ ವರ್ಷದಿಂದ ಒಂದೇ ಮೂಲೆಯ ಪಾಯಕ್ಕೆ ಬೀಳುತ್ತಿದೆ. ಆದರೂ ಇದು ಫೋಟೋ ನೋಡಿ ಹೇಳಿದ ಊಹೆ. ಬಿರುಕು ಇನ್ನೂ ಬೆಳೆಯುತ್ತಿದೆಯೋ ಎಂದೋ ನಿಂತಿದೆಯೋ ಎಂದು ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ನಡುವೆ ಎರಡು ಕಡೆ ತೆಳ್ಳನೆಯ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಅಂಟಿಸಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು. ಅಷ್ಟರಲ್ಲಿ ಬಿರುಕಿಗೆ ಸಿಮೆಂಟು ತುಂಬಿಸಿಬಿಡಬೇಡಿ, ಸಾಕ್ಷಿ ಅಳಿಸಿದ ಹಾಗಾಗುತ್ತದೆ. ಕೈಪಿಡಿ ಗೋಡೆಯ ಅರಳಿ ಸಸಿಯನ್ನೂ ಎಳೆದು ಕೀಳಿಸಬೇಡಿ. ಬೇರಿನ ಜೊತೆ ಇಟ್ಟಿಗೆ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸಾಯಿಸಿ, ಒಣಗಿದ ಮೇಲೆ ಬಿಡಿಸಿ ಗಾರೆ ತುಂಬಬೇಕು.

ಯಾರನ್ನು ಕರೆಸಬೇಕು ಎಂದು ಕೇಳಿದ್ದೀರಿ. ಸುಣ್ಣದ ಗಾರೆಯ ಕಟ್ಟಡದಲ್ಲಿ ಕೆಲಸ ಮಾಡಿದ ಅನುಭವವಿರುವ ವಾಸ್ತುಶಿಲ್ಪಿ ಒಬ್ಬರು, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು. ಕೆಲಸದ ಗುತ್ತಿಗೆ ಹಿಡಿಯುವವರೇ ಪರೀಕ್ಷೆಯನ್ನೂ ಮಾಡುವುದು ಬೇಡ. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು, ಮೈಸೂರು ಘಟಕಗಳಿಗೂ ರಾಜ್ಯ ಪುರಾತತ್ವ ಇಲಾಖೆಗೂ ಪತ್ರ ಬರೆದು ಅಂಥವರ ಹೆಸರು ಕೇಳಿ. ಬಂದವರಿಂದ "ಉಳಿಯುತ್ತೆ, ಉಳಿಯಲ್ಲ" ಎಂಬ ಬಾಯಿಮಾತು ತೆಗೆದುಕೊಳ್ಳಬೇಡಿ. ಕಟ್ಟಡದ ಅಳತೆ ನಕ್ಷೆ, ಯಾವ ಗೋಡೆಯ ಯಾವ ಜಾಗದಲ್ಲಿ ಏನಾಗಿದೆ ಎಂದು ಅದರ ಮೇಲೇ ಗುರುತು, ಪ್ರತಿಯೊಂದಕ್ಕೂ ಕಾರಣ, ಯಾವುದು ಈ ತಿಂಗಳು, ಯಾವುದು ಈ ವರ್ಷ, ಯಾವುದು ಐದು ವರ್ಷ ಕಾಯಬಹುದು, ಇಷ್ಟೂ ಬರವಣಿಗೆಯಲ್ಲಿ ಬರಲಿ. ಎಸ್ಟಿಮೇಟು ಅದರ ನಂತರ. ಪರೀಕ್ಷೆಗೆ ದುಡ್ಡು ಕೊಡಬೇಕೇ ಎಂದು ಸಮಿತಿಯಲ್ಲಿ ಯಾರೋ ಕೇಳಿದರಂತಲ್ಲ? ಕೊಡಬೇಕು. ಪುಕ್ಕಟೆ ಸಲಹೆ ಎರಡು ಸಿಕ್ಕಿವೆಯಲ್ಲ.

ಮಳಿಗೆ ಕಟ್ಟೋಣ ಎನ್ನುವವರನ್ನು ನೀವು ಪತ್ರದಲ್ಲಿ ಸ್ವಲ್ಪ ಖಾರವಾಗಿಯೇ ಬೈದಿದ್ದೀರಿ. ಆ ಭಾಗವನ್ನು ಕತ್ತರಿಸಿದ್ದೇನೆ, ಬೇಸರ ಬೇಡ. ಅವರ ಮಾತಿನಲ್ಲೂ ಹುರುಳಿದೆ. ಹೆಂಗಸರಿಗೆ ಶೌಚಾಲಯವಿಲ್ಲದ, ಗಾಲಿಕುರ್ಚಿ ಏರಲಾಗದ, ಬಟ್ಟೆ ಸುತ್ತಿದ ಹಳೆಯ ವೈರುಗಳಿರುವ ಹಾಲಿಗೆ ಯಾರು ಬಾಡಿಗೆ ಕೊಟ್ಟಾರು? ಬಾಡಿಗೆ ಬರದೆ ಹೆಂಚು ಬದಲಿಸುವುದು ಯಾವ ದುಡ್ಡಿನಲ್ಲಿ? ವೈರಿಂಗನ್ನು ಪೂರ್ತಿ ಹೊಸದು ಮಾಡಿಸಿ. ಹಿತ್ತಲ ಖಾಲಿ ಜಾಗದಲ್ಲಿ ಶೌಚಾಲಯ, ಬೇಕಿದ್ದರೆ ನಾಲ್ಕು ಮಳಿಗೆ, ಹಳೆಯ ಗೋಡೆಗೆ ತಾಗದಂತೆ ಕಟ್ಟಿಸಿ. ಮೈಸೂರಿನ ರಂಗಾಚಾರ್ಲು ಪುರಭವನ 1884ರದು, ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನ 1935ರದು, ನಿಮ್ಮದಕ್ಕಿಂತ ಒಂದೇ ವರ್ಷ ಹಿರಿದು. ಎರಡರಲ್ಲೂ ಈಗಲೂ ಕಾರ್ಯಕ್ರಮ ನಡೆಯುತ್ತವೆ.

ಮುಂಗಾರಿಗೆ ಮೊದಲು ದೊಡ್ಡ ದುಡ್ಡಿಲ್ಲದೆ ಆಗುವ ಕೆಲಸ ಮೂರು. ರಂಗಕ್ಕೆ ಊರುಗಂಬ. ದೋಣಿಯ ಕಸ ತೆಗೆಸಿ, ಮುರಿದ ಪೈಪು ಬದಲಿಸಿ, ನೀರನ್ನು ಗೋಡೆಯಿಂದ ದೂರ ಒಯ್ಯುವುದು. ಗೋಡೆಯ ಸುತ್ತ ಎರಡಡಿ ಅಗಲಕ್ಕೆ ಆ ಕಾಂಕ್ರೀಟು ಒಡೆಸಿ, ಹಳೆಯ ನೆಲದ ಮಟ್ಟಕ್ಕೆ ಇಳಿಸಿ, ರಸ್ತೆಯ ನೀರು ಒಳಗೆ ಬರದಂತೆ ಚರಂಡಿ ತೋಡಿಸುವುದು. ಪಾಯಕ್ಕಿಂತ ಕೆಳಗೆ ಅಗೆಯಬಾರದು, ಅಗೆಯುವಾಗ ಜೆಸಿಬಿ ತರಿಸಬೇಡಿ; ಗುದ್ದಲಿ ಸಾಕು.

ಬಲಗಡೆ ಅಗೆಯುವ ದಿನ ನೀವೇ ಮುಂದೆ ನಿಂತಿರಿ. ಶಿಲಾಫಲಕದಲ್ಲಿ ಚಂದಾ ಕೊಟ್ಟವರ ಹೆಸರು "ಮತ್ತು" ಎಂಬಲ್ಲಿಗೆ ನೆಲದೊಳಗೆ ಹೋಗಿದೆ. ಆಮೇಲೆ ಯಾರ ಹೆಸರಿದೆ ಎಂದು ನನಗೊಂದು ಕಾರ್ಡು ಹಾಕಿ.