ಓವರ್‌ಟೈಮ್‌ನಲ್ಲಿ ಟಾಸ್ ಗೆದ್ದರೆ ಚೆಂಡು ಬಿಟ್ಟುಕೊಡಬೇಕಾ?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪಂದ್ಯ ಸಮವಾಗಿ ಓವರ್‌ಟೈಮ್‌ಗೆ (ಹೆಚ್ಚುವರಿ ಆಟಕ್ಕೆ) ಹೋದಾಗ, ಇಬ್ಬರಿಗೂ ಒಮ್ಮೆ ಚೆಂಡು ಸಿಗುವ ಹಾಗಾದ ಮೇಲೆ ಟಾಸ್‌ಗೆ ಏನು ಬೆಲೆ ಅಂತ ಕೇಳಿದ್ದೀರಿ. ಇದೆ, ಆದರೆ ಮೊದಲಿನಷ್ಟಿಲ್ಲ. ಆಗ ಮೊದಲ ಸರದಿಯಲ್ಲೇ ಟಚ್‌ಡೌನ್ (6 ಅಂಕ) ಬಂದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. 2022ರ ಜನವರಿಯಲ್ಲಿ ಚೀಫ್ಸ್ ತಂಡ ಟಾಸ್ ಗೆದ್ದು, ಮೊದಲ ಸಲವೇ ಟಚ್‌ಡೌನ್ ಹೊಡೆದು 42-36ರಲ್ಲಿ ಮುಗಿಸಿಬಿಟ್ಟಿತು, ಎದುರಾಳಿ ಬಿಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಆಟಗಾರ) ಜಾಶ್ ಅಲೆನ್ ಸುಮ್ನೆ ನಿಂತು ನೋಡಬೇಕಾಯ್ತು. ಆ ಗಲಾಟೆಯಿಂದಲೇ ಪ್ಲೇಆಫ್ (ನಾಕೌಟ್ ಪಂದ್ಯಗಳ) ನಿಯಮ ಬದಲಾಯಿತು, 2025ರಲ್ಲಿ ಲೀಗ್ ಪಂದ್ಯಗಳಿಗೂ ಬಂತು.

ಈಗ ನಾನಾದರೆ ಎರಡನೆಯದಾಗಿ ಆಡುತ್ತೇನೆ. ಎದುರಾಳಿ ಎಷ್ಟು ಗಳಿಸಿದ ಅಂತ ಗೊತ್ತಿದ್ದರೆ, ನಾಲ್ಕನೇ ಡೌನ್‌ನಲ್ಲಿ (ಕೊನೆಯ ಯತ್ನದಲ್ಲಿ) ಚೆಂಡು ಒದೆಯಬೇಕಾ, ಮುಂದೆ ನುಗ್ಗಬೇಕಾ ಅಂತ ತೀರ್ಮಾನಿಸೋದು ಸುಲಭ, ಕ್ರಿಕೆಟ್‌ನಲ್ಲಿ ಚೇಸ್ ಮಾಡಿದ ಹಾಗೆ. 2024ರ ಸೂಪರ್ ಬೌಲ್‌ನಲ್ಲಿ (ಫೈನಲ್‌ನಲ್ಲಿ) ಫಾರ್ಟಿನೈನರ್ಸ್ ತಂಡ ಟಾಸ್ ಗೆದ್ದು ಚೆಂಡು ತೆಗೆದುಕೊಂಡು ಫೀಲ್ಡ್ ಗೋಲ್‌ಗೆ (ಒದ್ದು ಗಳಿಸುವ 3 ಅಂಕಕ್ಕೆ) ನಿಂತಿತು, ಚೀಫ್ಸ್ ಟಚ್‌ಡೌನ್ ಹೊಡೆದು 25-22ರಲ್ಲಿ ಗೆದ್ದಿತು. ಫಾರ್ಟಿನೈನರ್ಸ್ ಲೆಕ್ಕ ಪೂರ್ತಿ ದಡ್ಡತನ ಅಲ್ಲ ಬಿಡಿ. ಎರಡೂ ಸರದಿ ಮುಗಿದು ಸಮ ಆದರೆ ಮೂರನೇ ಸರದಿ ಮೊದಲು ಆಡಿದವರದೇ, ಆಗ ಒಂದು ಫೀಲ್ಡ್ ಗೋಲ್ ಸಾಕು.

ನನಗೆ ಸಿಟ್ಟು ಬರೋದು ಲೀಗ್ ಪಂದ್ಯಗಳ ಓವರ್‌ಟೈಮ್‌ಗಿರುವ 10 ನಿಮಿಷದ ಮಿತಿ ನೋಡಿ. ಮೊದಲ ತಂಡ ನಿಧಾನಕ್ಕೆ 7-8 ನಿಮಿಷ ತಿಂದರೆ ಎರಡನೆಯವರಿಗೆ ಉಳಿಯೋದೇನು? 2017ರವರೆಗೆ ಇದ್ದ 15 ನಿಮಿಷವನ್ನೇ ಮರಳಿ ತರಲಿ.